ನೆರಳಲ್ಲಿ ಒಣಗಿಸಿದ ಮೊಮ್ಮಗಳು

ಉಡುಮಲೈಪೇಟೆಯಲ್ಲಿ, ಅದೂ ಪಂಗುನಿ ತಿಂಗಳ ಬೇಸಿಗೆಯ ನಡುಮಧ್ಯಾಹ್ನ, ‘ನಿಮ್ಮ ಮೊಮ್ಮಗಳಿಗೆ ಬಿಸಿಲು ಸಾಲುತ್ತಿಲ್ಲ’ ಎಂದು ಒಬ್ಬ ಡಾಕ್ಟರ್ ಹೇಳಿದರೆ ನೀವು ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನಂತೂ ನಕ್ಕುಬಿಟ್ಟೆ. ಆಸ್ಪತ್ರೆಗೆ ಬರುವ ದಾರಿಯಲ್ಲಿ ಟಾರು ಕರಗಿ ನನ್ನ ಚಪ್ಪಲಿಗೆ ಅಂಟಿಕೊಂಡಿತ್ತು. ಆಟೋದ ಸೀಟು ಸುಡುತ್ತಿತ್ತೆಂದು ಸೆರಗು ಹಾಸಿ ಕೂತು ಬಂದಿದ್ದೆ. ಈ ಊರಲ್ಲಿ ಯಾವುದಕ್ಕೆ ಬೇಕಾದರೂ ಬರ ಬರಬಹುದು, ಬಿಸಿಲಿಗೆ ಬರುವುದುಂಟೇ?

ಡಾಕ್ಟರ್ ಕಲೈಸೆಲ್ವಿ ಮಾತ್ರ ನಗಲಿಲ್ಲ. ಮಕ್ಕಳ ಡಾಕ್ಟರ್, ಇನ್ನೂ ಚಿಕ್ಕ ವಯಸ್ಸು, ಮೂಗಿನ ತುದಿಗೆ ಜಾರಿದ ಕನ್ನಡಕ. ರಕ್ತಪರೀಕ್ಷೆಯ ಚೀಟಿಯನ್ನು ಮೇಜಿನ ಮೇಲಿಟ್ಟು, ನನ್ನನ್ನು ಅಜ್ಜಿ ಎಂದು ಕರೆಯುತ್ತ ತಮಿಳಿನಲ್ಲಿ ಹೇಳಿದರು: “ಪಾಟಿ, ಇವಳ ಮೈಯಲ್ಲಿ ವಿಟಮಿನ್ ಡಿ ತುಂಬಾ ಕಡಿಮೆ ಇದೆ. ಅದು ಬರಬೇಕಾದ್ದು ಬಿಸಿಲಿಂದ. ಈ ಮಗು ಬಿಸಿಲು ಕಂಡ ಹಾಗೇ ಇಲ್ಲವಲ್ಲ?”

“ಕಂಡಿಲ್ಲ. ನಾನು ಬಿಟ್ಟೇ ಇಲ್ಲ,” ಎಂದೆ. ಬಹುಮಾನ ಕೊಡುತ್ತಾರೆ ಎನ್ನುವ ಹಾಗೆ ಬೆನ್ನು ನೆಟ್ಟಗೆ ಮಾಡಿ ಹೇಳಿದೆ.

ಪಕ್ಕದಲ್ಲಿದ್ದ ನನ್ನ ಸೊಸೆ ಚೈತನ್ಯಾ ಕಣ್ಣು ಮುಚ್ಚಿಕೊಂಡು ಉದ್ದಕ್ಕೆ ಉಸಿರು ಬಿಟ್ಟಳು. ಅವಳ ಮಡಿಲಲ್ಲಿ ಕೂತಿದ್ದ ಭೂಮಿ, ಆರು ವರ್ಷದ ನನ್ನ ಮೊಮ್ಮಗಳು, ಆ ಹೊತ್ತಿಗೇ ಸರಿಯಾಗಿ ಸೀನತೊಡಗಿದಳು. ಸೀನು ಅಂದರೆ ಒಂದಲ್ಲ ಎರಡಲ್ಲ. ಶುರುವಾದರೆ ಮಗುವಿನ ಮುಖವೆಲ್ಲ ಕೆಂಪಾಗಿ, ಕಣ್ಣಲ್ಲಿ ನೀರಿಳಿದು, ಸುಸ್ತಾಗಿ ಕುಸಿದು ಕೂರುವವರೆಗೂ ನಿಲ್ಲುತ್ತಿರಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ನಾನು ಲೀಲಮ್ಮ. ನಾವು ನೇಯುವ ಜನ. ಯಾವ ಕಾಲದಲ್ಲೋ ಕನ್ನಡನಾಡಿನಿಂದ ಮಗ್ಗ ಹೊತ್ತು ಬಂದವರು, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನನ್ನ ಗಂಡ ಸೋಮಶೇಖರ ಮತ್ತು ನಾನು ಮನೆಯಲ್ಲೇ ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಎರಡು ಗುಂಡಿ ಮಗ್ಗ ಇಟ್ಟುಕೊಂಡು ಹತ್ತಿ ಸೀರೆ ನೇಯುತ್ತೇವೆ. ಮಗ ಸೂರಜ್ ಮತ್ತು ಚೈತನ್ಯಾ ತಿರುಪ್ಪೂರಿನ ಬನಿಯನ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. ವಾರವಿಡೀ ಅಲ್ಲೇ ಬಾಡಿಗೆ ಮನೆ, ಶನಿವಾರ ಸಂಜೆ ಇಲ್ಲಿಗೆ ಬರುತ್ತಾರೆ. ಭೂಮಿ ಮೊಲೆ ಬಿಟ್ಟಾಗಿನಿಂದ ನಮ್ಮ ಹತ್ತಿರವೇ ಬೆಳೆದವಳು.

ಚೈತನ್ಯಾಳ ಅಪ್ಪ ತುಮಕೂರು ಕಡೆಯವರು, ರೈಲ್ವೆ ಕೆಲಸಕ್ಕೆಂದು ಪೋತ್ತನೂರಿಗೆ ಬಂದು ನಿಂತವರು. ಹಾಗಾಗಿ ಅವಳ ಕನ್ನಡ ಇಸ್ತ್ರಿ ಹಾಕಿದ ಕನ್ನಡ. ಮದುವೆಯಾದ ಹೊಸದರಲ್ಲಿ ನಾನು ಮಾತಾಡಿದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನೂ ಸುಮ್ಮನಿರಲಿಲ್ಲ ಬಿಡಿ, ಅವಳ ಸಾರಿಗೆ ಹೆಸರಿಟ್ಟೆ. ನಮ್ಮಿಬ್ಬರದು ಹಾಗೇ ನಡೆದುಕೊಂಡು ಬಂದಿತ್ತು.

ಭೂಮಿಗೆ ಸೀನು ಹತ್ತಿದ್ದು ಹಿಂದಿನ ದೀಪಾವಳಿ ಆದಮೇಲೆ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಸೀನು, ಆಮೇಲೆ ಕಣ್ಣುರಿ, ಮೊಣಕೈ ಒಳಗೆ ತುರಿಕೆ, ಒಮ್ಮೊಮ್ಮೆ ಎದೆಯಲ್ಲಿ ಸುಂಯ್ ಅನ್ನುವ ಶಬ್ದ. ಸೂರಜ್ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ: “ಅವ್ವಾ, ಇದು ಮಗ್ಗದ ಧೂಳೇ ದಾ.” ಚೈತನ್ಯಾ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದಳು. ಪೋತ್ತನೂರಿನಲ್ಲಿ ಅವಳಪ್ಪನ ಮನೆ ಮುಂದೆ ದೊಡ್ಡ ಬಯಲಿದೆಯಂತೆ, ಬೇವಿನ ಮರಗಳಿವೆಯಂತೆ, ಒಳ್ಳೆ ಗಾಳಿಯಂತೆ. ಜೂನ್‌ನಲ್ಲಿ ಭೂಮಿಯನ್ನು ಅಲ್ಲೇ ಸ್ಕೂಲಿಗೆ ಸೇರಿಸುವುದಂತೆ.

ಈ ಮಗು ಹೋದರೆ ಈ ಮನೆಯಲ್ಲಿ ಯಾರಿದ್ದಾರೆ ಹೇಳಿ? ನನ್ನ ಗಂಡ ಒಳ್ಳೆಯ ಮನುಷ್ಯ, ಇಲ್ಲ ಅನ್ನುವುದಿಲ್ಲ. ಆದರೆ ಬೆಳಿಗ್ಗೆ ಕಾಪಿ ಕೇಳಲು ಬಾಯಿ ತೆರೆದರೆ ಮತ್ತೆ ತೆರೆಯುವುದು ಸಂಜೆಯ ಕಾಪಿಗೇ. ಭೂಮಿ ಇರುವ ಹೊತ್ತಿಗೆ ಮನೆಯಲ್ಲಿ ಮಾತಿದೆ, ಜಗಳವಿದೆ, ಬಾಗಿಲ ಹಿಂದೆ ಅಡಗಿ ಕೂತು ಹೆದರಿಸುವುದಿದೆ. ಅವಳನ್ನು ಕಳಿಸಿ ಬದುಕುವುದು ನನ್ನಿಂದಾಗದು.

ಇನ್ನು ಬಿಸಿಲಿನ ಮಾತು. ಮಗ್ಗದ ಮನೆ ನೋಡಿದವರಿಗೆ ಗೊತ್ತಿರುತ್ತದೆ, ಅಲ್ಲಿ ಕಿಟಕಿ ತೆರೆಯುವ ಪದ್ಧತಿ ಇಲ್ಲ. ಒಣಗಾಳಿ ಬಡಿದರೆ ಹಾಸಿನ ಎಳೆಗಳು ಪಟಪಟನೆ ಕಿತ್ತುಹೋಗುತ್ತವೆ. ಮಗ್ಗದ ಗುಂಡಿಯ ತಂಪು ಒಳಗೇ ನಿಂತಿರಬೇಕು. ಬಣ್ಣ ಹಾಕಿದ ನೂಲನ್ನಂತೂ ಬಿಸಿಲಿಗೆ ತೋರಿಸುವಂತೆಯೇ ಇಲ್ಲ. ಹಿತ್ತಿಲಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ, ಅದರ ಕೆಳಗೆ ಲಡಿಗಳನ್ನು ತೂಗುಹಾಕಿ ನೆರಳಲ್ಲೇ ಒಣಗಿಸಬೇಕು. ಒಂದು ಸಲ ಬಿಸಿಲು ಬಿತ್ತೋ, ಮಾವಿನ ಚಿಗುರಿನ ಬಣ್ಣ ಗೋಡೆ ಸುಣ್ಣದ ಬಣ್ಣವಾಗುತ್ತದೆ. ಹುಟ್ಟಿದಾಗಿನಿಂದ ಇದನ್ನೇ ನೋಡಿದ ಕೈ ನನ್ನದು. ಅಂಥವಳ ಕೈಗೆ ಅವಳಮ್ಮನ ಬಿಳಿ ಬಣ್ಣ ಹೊತ್ತ ಈ ಮಗುವನ್ನು ಕೊಟ್ಟರು. ನಮ್ಮ ಬೀದಿಯಲ್ಲಿ ಅಂಥ ಬಣ್ಣದ ಕೂಸು ಹುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ನಾಚಿಯಮ್ಮ ಎದುರು ಮನೆಯಿಂದ ಓಡಿ ಬಂದು ಕೆನ್ನೆ ಮುಟ್ಟಿ ನೋಡಿದ್ದಳು, ಪೌಡರ್ ಹಚ್ಚಿದ್ದಾರೋ ಏನೋ ಎಂದು. ಆ ಬಣ್ಣವನ್ನು ಬಿಸಿಲಿಗೆ ಬಿಡಲು ನನಗೇನು ತಲೆ ಕೆಟ್ಟಿತ್ತೇ? ಉದ್ದ ತೋಳಿನ ಫ್ರಾಕು, ಸ್ಕೂಲಿಗೆ ಆಟೋ, ಸಂಜೆ ದೀಪ ಹಚ್ಚುವವರೆಗೂ ಮನೆಯೊಳಗೇ ಆಟ, ರಾತ್ರಿ ನನ್ನ ಮಗ್ಗದ ಪಕ್ಕದಲ್ಲೇ ಹಾಸಿಗೆ. ರಾಣಿಯ ಹಾಗೆ ಬೆಳೆಸಿದೆ.

ಇದನ್ನೆಲ್ಲ ಡಾಕ್ಟರಿಗೆ ಒಂದೊಂದಾಗಿ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಪಾಟಿ, ಡಿ ಕಡಿಮೆ ಇರುವ ಮಕ್ಕಳಲ್ಲಿ ಅಲರ್ಜಿ ಜಾಸ್ತಿ ಕಾಣುತ್ತೆ ಅಂತ ಈಗೀಗ ಹೇಳ್ತಿದ್ದಾರೆ. ಬಿಸಿಲಿಂದಲೇ ಸೀನು ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಆದರೆ ಮೂಳೆಗೂ ಬೇಕು, ಬೇರೆ ಎಲ್ಲದಕ್ಕೂ ಬೇಕು. ಈ ಪುಡಿಯನ್ನ ವಾರಕ್ಕೊಮ್ಮೆ ಹಾಲಲ್ಲಿ ಕೊಡಿ. ಮೂಗಿಗೆ ಔಷಧಿ ಬರೆದಿದ್ದೀನಿ, ಅದನ್ನ ಬಿಡಬೇಡಿ. ದಿನಾ ಹನ್ನೊಂದು ಗಂಟೆ ಹೊತ್ತಿಗೆ ಸ್ವಲ್ಪ ಹೊತ್ತು ಬಿಸಿಲಲ್ಲಿ ಬಿಡಿ. ಮಗ್ಗದ ಹತ್ತಿರ ಮಲಗಿಸಬೇಡಿ. ಹಾಸಿಗೆ, ಕೌದಿ ಎಲ್ಲ ಬಿಸಿಲಿಗೆ ಹಾಕಿ. ಮನೆಗೆ ಗಾಳಿ ಬರಲಿ.”

ಹೊರಗೆ ಬಂದಮೇಲೆ ಚೈತನ್ಯಾ ಆಟೋ ಹತ್ತುವ ಮೊದಲು ನಿಂತಳು. “ಅತ್ತೆ, ನನಗೆ ನಿಮ್ಮ ಜೊತೆ ಜಗಳ ಬೇಡ. ಸ್ಕೂಲ್ ಶುರುವಾಗೋವರೆಗೆ ನೋಡೋಣ. ಬೆಳಿಗ್ಗೆ ಎದ್ದಾಗ ಈ ಸೀನು ನಿಂತಿದ್ರೆ ಇಲ್ಲೇ ಇರ್ತಾಳೆ. ನಿಂತಿಲ್ಲ ಅಂದ್ರೆ ಪೋತ್ತನೂರಿಗೆ ಕರ್ಕೊಂಡು ಹೋಗ್ತೀನಿ. ಆಗ ನೀವು ಅಡ್ಡ ಬರಬಾರದು.”

“ಬರಲ್ಲ,” ಎಂದೆ. ಹೇಳಿದ್ದು ನಾಲಿಗೆ ಮಾತ್ರ.

ಸ್ಕೂಲಿಗೆ ಆಗಲೇ ರಜೆ ಬಿಟ್ಟಿತ್ತು, ಮಾರನೆಯ ದಿನವೇ ನಾನು ಕೆಲಸಕ್ಕಿಳಿದೆ. ಹಾಸಿಗೆ ಮುಂದಿನ ಕೋಣೆಗೆ ಹೋಯಿತು. ಪುಡಿ ಹಾಲಿಗೆ ಬಿತ್ತು. ಹನ್ನೊಂದು ಗಂಟೆಗೆ ಭೂಮಿಯನ್ನು ಕೈಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋಗಿ ಚಪ್ಪರದ ಕೆಳಗೆ ಮಣೆ ಹಾಕಿ ಕೂರಿಸಿದೆ. ಸುತ್ತ ಹಸಿರು, ಕೆಂಪು, ನೇರಳೆ ಲಡಿಗಳು ತೂಗುತ್ತಿದ್ದವು. ಮೇಲೆ ಗರಿ, ಕೆಳಗೆ ಸುಡುವ ನೆಲದ ಕಾವು. ಸ್ವಲ್ಪ ಹೊತ್ತಿಗೆಲ್ಲ ಮಗುವಿನ ಹಣೆಯಲ್ಲಿ ಬೆವರು ಮೂಡಿತು. ನೂಲು ಇಲ್ಲೇ ಗರಿಗರಿ ಒಣಗುತ್ತದೆ ಅಂದಮೇಲೆ ಇಲ್ಲಿ ಬಿಸಿಲು ಇದ್ದೇ ಇದೆ ಅಲ್ಲವೇ? ಬಣ್ಣವೂ ಉಳಿಯಿತು, ಡಾಕ್ಟರ ಮಾತೂ ನಡೆಯಿತು. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

“ಅಜ್ಜಿ, ಸಾಕಾ? ನಾ ಒಣಗಿದ್ನಾ?” ಎಂದು ಭೂಮಿ ದಿನವೂ ಕೇಳುವಳು.

“ಇನ್ನೂ ಸ್ವಲ್ಪ ಇರು, ನನ್ನ ಕಣ್ಣು,” ಎನ್ನುವೆ.

ಹೀಗೆ ಪಂಗುನಿ ಮುಗಿದು ಚಿತ್ತಿರೈ ತಿಂಗಳು ಬಂತು, ಭೂಮಿ ದಿನವೂ ಚಪ್ಪರದ ಕೆಳಗೆ ಒಣಗಿದಳು. ಸೀನು ಮಾತ್ರ ಕೂದಲಷ್ಟೂ ಕಮ್ಮಿಯಾಗಲಿಲ್ಲ. ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಮಗುವಿನ ತೋಳು ತಿರುಗಿಸಿ ನೋಡಿ, “ದಿನಾ ಬಿಸಿಲಿಗೆ ಬಿಡ್ತಿದ್ದೀರಾ?” ಎಂದು ಕೇಳಿದರು.

“ತಪ್ಪದೆ!” ಎಂದೆ.

“ನೂಲು ಜೊತೆ ಕೂತ್ಕೋತೀನಿ,” ಎಂದಳು ಭೂಮಿ. “ಚಪ್ಪರದ ಕೆಳಗೆ. ನೂಲು ಬೇಗ ಒಣಗುತ್ತೆ, ನಾ ಒಣಗೋದೇ ಇಲ್ಲ.” ಅದನ್ನು ಅವಳು ತಮಿಳಿನಲ್ಲಿ, ಸ್ಪಷ್ಟವಾಗಿ, ಡಾಕ್ಟರಿಗೆ ಚೆನ್ನಾಗಿ ಕೇಳಿಸುವ ಹಾಗೆ ಹೇಳಿದಳು.

ಡಾಕ್ಟರ್ ಕಲೈಸೆಲ್ವಿ ತುಟಿ ಕಚ್ಚಿಕೊಂಡು ನಗು ತಡೆದರು. ಆಮೇಲೆ ನನ್ನ ಕಡೆ ತಿರುಗಿ, ಸ್ಕೂಲು ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು: “ಪಾಟಿ, ಕಾವು ಬೇರೆ, ಬೆಳಕು ಬೇರೆ. ಒಲೆ ಮುಂದೆ ಕೂರಿಸಿದರೂ ಮೈ ಕಾಯುತ್ತೆ. ಬಿಸಿಲು ನೇರ ಚರ್ಮದ ಮೇಲೆ ಬೀಳಬೇಕು. ಕೈ, ಕಾಲು, ಎಲ್ಲ ತೆರೆದಿರಬೇಕು. ನೆರಳಲ್ಲಿ ಎಷ್ಟು ಹೊತ್ತು ಕೂತರೂ ಉಪಯೋಗ ಇಲ್ಲ.”

ಚೈತನ್ಯಾ ಆಟೋದಲ್ಲಿ ಹೊರಗೆ ನೋಡಿಕೊಂಡು ಕೂತಳು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. “ಒಂದು ತಿಂಗಳು ಹೋಯ್ತಲ್ಲ ಅತ್ತೆ,” ಎಂದು ಮಾತ್ರ ಅಂದಳು.

ಮಗ, ಸೊಸೆ ತಿರುಪ್ಪೂರಿಗೆ ಬಸ್ಸು ಹತ್ತಿದಮೇಲೆ ನಾನು ಮಗ್ಗಕ್ಕೂ ಇಳಿಯದೆ ಜಗಲಿಯ ಮೇಲೆ ಕೂತು ಎಲ್ಲರಿಗೂ ಶಾಪ ಹಾಕತೊಡಗಿದೆ. ಡಾಕ್ಟರಿಗೆ, ಪೋತ್ತನೂರಿಗೆ, ರೈಲ್ವೆಗೆ, ಯಾರನ್ನೂ ಬಿಡಲಿಲ್ಲ. “ಬಣ್ಣ ಕೆಡಬಾರದು ಅಂದ್ಕೊಂಡದ್ದು ತಪ್ಪಾ? ನಾನು ಯಾರಿಗೋಸ್ಕರ ಮಾಡ್ದೆ? ಏನುಂಗ, ನಿಮ್ಮನ್ನೇ ಕೇಳ್ತಿರೋದು!”

ನನ್ನ ಗಂಡ ಮಗ್ಗದ ಗುಂಡಿಯಿಂದ ಮೇಲೆದ್ದು ಬಂದು ಬಾಗಿಲಲ್ಲಿ ನಿಂತರು. ಮೈಮೇಲಿನ ನೂಲಿನ ಎಳೆಗಳನ್ನು ತೆಗೆದುಹಾಕುತ್ತ, “ಏ ಪುಳ್ಳ,” ಎಂದರು, “ಅವಳೇನು ನೂಲಾ?”

ಅಷ್ಟೇ ಹೇಳಿ ಒಳಗೆ ಹೋದರು. ಲಾಳಿಯ ಶಬ್ದ ಮತ್ತೆ ಶುರುವಾಯಿತು.

ಮಾರನೆಯ ಬೆಳಿಗ್ಗೆ ಕತ್ತರಿ ತೆಗೆದುಕೊಂಡು ಭೂಮಿಯ ಫ್ರಾಕುಗಳ ತೋಳುಗಳನ್ನೆಲ್ಲ ಕಚಕಚ ಕತ್ತರಿಸಿದೆ. ಚಪ್ಪರದ ತಂಟೆಯೇ ಬೇಡವೆಂದು ಹನ್ನೊಂದು ಗಂಟೆಗೆ ಬೀದಿಗೇ ಕರೆದುಕೊಂಡು ಬಂದು ನಡುಮಧ್ಯೆ ನಿಲ್ಲಿಸಿದೆ. ಮಗು ಮೊದಲು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಿತು. ಆಮೇಲೆ ಬೆರಳ ಸಂದಿಯಿಂದ ನೋಡಿತು. ಕಾಲ ಬುಡದಲ್ಲಿ ತನ್ನದೇ ಗಿಡ್ಡ ನೆರಳು ಕಂಡು ಒಂದು ಹೆಜ್ಜೆ ಹಿಂದೆ ಸರಿಯಿತು. ನೆರಳೂ ಸರಿಯಿತು. ಕುಣಿಯಿತು, ಅದೂ ಕುಣಿಯಿತು. “ಅಜ್ಜಿ, ಇದು ನನ್ನ ಬಿಡ್ತಾನೇ ಇಲ್ಲ!” ಎಂದು ಕಿರುಚಿ, ಅದರ ತಲೆಯನ್ನು ತುಳಿಯಲು ಹೋಗಿ ಹೋಗಿ ಬೀದಿಯ ಕೊನೆಯವರೆಗೂ ಓಡಿತು. ಆರು ವರ್ಷದ ಮಗು ತನ್ನ ನೆರಳಿನ ಜೊತೆ ಇನ್ನೂ ಆಡಿಯೇ ಇರಲಿಲ್ಲ.

ಎದುರು ಮನೆಯ ನಾಚಿಯಮ್ಮ ಅಕ್ಕಿ ಆರಿಸುತ್ತ ಕೂತಿದ್ದವಳು ಮೊರ ಕೆಳಗಿಟ್ಟಳು. “ಏನ್ ಲೀಲಾ, ಪೈತ್ಯ ಹಿಡೀತಾ? ಆ ಬಣ್ಣಾನ ಹಿಂಗೆ ಸುಟ್ಟು ಹಾಕ್ತಿಯಾ? ಕಪ್ಪಾದ್ರೆ ನಾಳೆ ಯಾವ ಮಾಪಿಳ್ಳೆ ಬರ್ತಾನೆ?”

“ಮಾಪಿಳ್ಳೆ ಬಂದಾಗ ಹುಡುಗಿಗೆ ಉಸಿರು ಇರ್ಬೇಕಲ್ಲೇ ಮೊದ್ಲು!” ಎಂದೆ. “ಸೀನ್ಕೊಂಡು ಸೀನ್ಕೊಂಡು ತಾಳಿ ಕಟ್ಟಿಸ್ಕೊಳ್ಳೋಕಾಗುತ್ತಾ? ತಾಳಿ ಕಟ್ಟೋನು ಓಡೋಗಲ್ವಾ?”

ಬೀದಿಯಲ್ಲಿ ಕೇಳಿದವರೆಲ್ಲ ನಕ್ಕರು. ನಾಚಿಯಮ್ಮ ಸುಮ್ಮನಿರುವವಳಲ್ಲ, “ಹಂಗಾದ್ರೆ ನಿನ್ನ ಮೊಮ್ಮಗಳಿಗೆ ಮಾತ್ರ ಯಾಕೆ ಆ ಭಾಗ್ಯ?” ಎಂದು ಮರುದಿನ ತನ್ನ ಮನೆಯ ಇಬ್ಬರು ಮಕ್ಕಳನ್ನೂ ಟಿವಿ ಮುಂದಿನಿಂದ ಎಬ್ಬಿಸಿ ತಂದು ಬಿಟ್ಟಳು. ಆ ಮೇಲೆ ಮೂಲೆ ಮನೆಯವರು ಬಂದರು. ಬೀದಿಯಲ್ಲಿ ಸೀಮೆಸುಣ್ಣದ ಚೌಕಗಳು ಬಿದ್ದವು, ಕುಂಟಾಟ ಶುರುವಾಯಿತು. ನಾನು ಕೊಡದಲ್ಲಿ ನೀರು, ಲೋಟದಲ್ಲಿ ಮಜ್ಜಿಗೆ ಇಟ್ಟುಕೊಂಡು ಕಾವಲು ಕೂತೆ. ಅರ್ಧ ಗಂಟೆಯಾದರೆ ‘ಸಾಕು, ಒಳಗೆ!’ ಎಂದು ಗದರಿ ಓಡಿಸುವುದೂ ನನ್ನದೇ ಕೆಲಸ. ಮನೆ ಮನೆಯ ಕೌದಿಗಳು ಗೋಡೆ ಏರಿದವು. ಹೊಡೆದರೆ ಅವುಗಳಿಂದ ಎದ್ದ ಧೂಳು ನೋಡಿ ನನಗೇ ಎರಡು ಸೀನು ಬಂತು.

ಬಣ್ಣ ಹೋಯಿತು. ಸುಳ್ಳು ಯಾಕೆ ಹೇಳಲಿ, ಕಣ್ಣೀರು ಹಾಕಿದೆ. ಸಂಜೆ ಸ್ನಾನ ಮಾಡಿಸುವಾಗ ಫ್ರಾಕಿನ ಗುರುತು ಭುಜದ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು, ಮೇಲೆ ಹಳೆಯ ಭೂಮಿ, ಕೆಳಗೆ ಹೊಸ ಭೂಮಿ. ಆದರೆ ಆ ಹೊಸ ಭೂಮಿ ಎರಡು ದೋಸೆ ತಿಂದು ಮೂರನೆಯದಕ್ಕೆ ತಟ್ಟೆ ಬಡಿಯುತ್ತಿದ್ದಳು. ಮೊಣಕೈಯ ತುರಿಕೆ ಒಣಗಿತು. ಎದೆಯ ಸುಂಯ್ ಶಬ್ದ ನಿಂತಿತು. ಪುಡಿಯಿಂದಲೋ, ಮೂಗಿನ ಔಷಧಿಯಿಂದಲೋ, ಬಿಸಿಲಿಂದಲೋ ನನಗೆ ಗೊತ್ತಿಲ್ಲ, ಒಂದನ್ನೂ ಬಿಡದೆ ಎಲ್ಲವನ್ನೂ ಮಾಡಿದೆ. ಬೆಳಗಿನ ಸೀನು ಮಾತ್ರ ಹಠ ಹಿಡಿದಿತ್ತು. ಕಮ್ಮಿಯಾಗಿತ್ತು, ಹೋಗಿರಲಿಲ್ಲ. ಸ್ಕೂಲು ತೆರೆಯುವ ದಿನ ಹತ್ತಿರ ಬರುತ್ತಿತ್ತು.

ಕಾರಣ ನನಗೆ ಗೊತ್ತಿತ್ತು. ಮಗು ಮುಂದಿನ ಕೋಣೆಯಲ್ಲಿ ಮಲಗಿದರೇನು, ಮನೆಯೆಲ್ಲ ಮುಚ್ಚಿಯೇ ಇತ್ತು. ಮಗ್ಗದ ಧೂಳು ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಗಾಳಿ ಬರಲಿ ಎಂದು ಡಾಕ್ಟರ್ ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು. ಆದರೆ ವೈಕಾಸಿ ತಿಂಗಳು ಮುಗಿಯುವಾಗ ನಮ್ಮೂರಿನ ಗಾಳಿ ಎಂಥದ್ದೆಂದು ಬಂದು ನೋಡಬೇಕು. ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬಂದು ಹೊಲದಲ್ಲಿ ನಿಂತ ಗಾಳಿಯಂತ್ರಗಳನ್ನೆಲ್ಲ ಗರಗರ ತಿರುಗಿಸುವ ಗಾಳಿ ಅದು. ಅಂಥ ಕಾಲದಲ್ಲಿ ಮಗ್ಗದ ಕಿಟಕಿ ತೆರೆಯಿರಿ ಎಂದು ನೇಯುವವನಿಗೆ ಹೇಳಲು ಬಾಯಿ ಬರುವುದಿಲ್ಲ. ಎಷ್ಟೇ ಬಾಯಿಬಡುಕಿಯಾದರೂ ನಾನು ಅದನ್ನು ನನ್ನ ಗಂಡನಿಗೆ ಹೇಳಲಿಲ್ಲ.

ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಒಳಗಿನಿಂದ ದಡಾರ್ ಎಂದು ಶಬ್ದ ಬಂತು. ಓಡಿಹೋಗಿ ನೋಡಿದರೆ ನನ್ನ ಗಂಡ ಮಗ್ಗದ ಕೋಣೆಯ ಎರಡೂ ಕಿಟಕಿಗಳನ್ನು ಸುತ್ತಿಗೆಯಿಂದ ಹೊಡೆದು ಹೊಡೆದು ತೆರೆಯುತ್ತಿದ್ದಾರೆ. ಎಷ್ಟು ವರ್ಷದಿಂದ ಮುಚ್ಚಿತ್ತೋ, ಚಿಲಕ ತುಕ್ಕು ಹಿಡಿದು ಕೂತಿತ್ತು. ತೆರೆದ ಕೂಡಲೇ ಗಾಳಿ ಒಳಗೆ ನುಗ್ಗಿತು, ಮೂಲೆಮೂಲೆಯಲ್ಲಿ ಕೂತಿದ್ದ ನೂಲಿನ ಧೂಳು ಮೇಲೆದ್ದು ಹಾರಿತು, ಹಾಸಿನ ಮೇಲೆ ಪಟ್, ಪಟ್ ಎಂದು ಎಳೆಗಳು ಕಿತ್ತುಹೋದವು. ಅವರು ಗೋಣಿಚೀಲಗಳನ್ನು ನೀರಲ್ಲಿ ಅದ್ದಿ ಮಗ್ಗದ ಸುತ್ತ ಕಟ್ಟಿದರು, ಗುಂಡಿಗೆ ನೀರು ಚಿಮುಕಿಸಿದರು, ಆಮೇಲೆ ಬಗ್ಗಿ ಕಿತ್ತ ಎಳೆಗಳನ್ನು ಒಂದೊಂದಾಗಿ ಗಂಟು ಹಾಕತೊಡಗಿದರು.

“ಏನುಂಗ, ಹಿಂಗಾದ್ರೆ ಸೀರೆ ಮುಗಿಯೋದು ಎಪ್ಪೋ?” ಎಂದೆ.

“ಮುಗಿದಾಗ,” ಎಂದರು.

ಆ ಗಂಡಸಿನ ಮೇಲೆ ನನಗೆ ಆ ಹೊತ್ತು ಬಂದ ಪ್ರೀತಿ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ. ಹೇಳಲಿಲ್ಲ ಅಷ್ಟೆ. ಹೇಳಿದ್ದರೆ ಗಾಬರಿಯಾಗಿ ಇನ್ನೆರಡು ಎಳೆ ಕಿತ್ತುಕೊಳ್ಳುತ್ತಿದ್ದರು.

ಸ್ಕೂಲು ತೆರೆಯುವ ಮುಂಚಿನ ಶನಿವಾರ ಚೈತನ್ಯಾ ಒಬ್ಬಳೇ ಬಂದಳು. ಸೂರಜ್‌ಗೆ ಕಂಪನಿಯಲ್ಲಿ ಸರಕು ಕಳಿಸುವ ಗಡಿಬಿಡಿಯಂತೆ. ಅವಳ ಕೈಯಲ್ಲಿ ದೊಡ್ಡದೊಂದು ಬ್ಯಾಗು. ಪ್ರತಿವಾರ ಬರುವಾಗ ಹೆಗಲಿಗೆ ಚಿಕ್ಕ ಚೀಲ ನೇತುಹಾಕಿಕೊಂಡು ಬರುವವಳು ಇವತ್ತು ಚಕ್ರವಿರುವ ದೊಡ್ಡ ಬ್ಯಾಗನ್ನು ಬೀದಿಯುದ್ದ ಗಡಗಡ ಎಳೆದುಕೊಂಡು ಬಂದಳು. ಇಷ್ಟು ದೊಡ್ಡ ಬ್ಯಾಗು ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಭೂಮಿ ಓಡಿಬಂದು ಅವಳ ಕಾಲಿಗೆ ಸುತ್ತಿಕೊಂಡಳು. ಚೈತನ್ಯಾ ಅವಳ ತೋಳು ಹಿಡಿದು, ಮೇಲಿಂದ ಕೆಳಗೆ ಕೈಯಾಡಿಸಿ, ಫ್ರಾಕಿನ ಗೆರೆಯ ಹತ್ತಿರ ನಿಲ್ಲಿಸಿದಳು. ಈಗ ಬೈಯುತ್ತಾಳೆ, ನನ್ನ ಬಂಗಾರವನ್ನ ಇದ್ದಿಲು ಮಾಡಿದಿರಿ ಅನ್ನುತ್ತಾಳೆ ಎಂದು ಉತ್ತರ ಸಿದ್ಧ ಮಾಡಿಕೊಂಡು ನಿಂತಿದ್ದೆ. ಅವಳು, “ಊಟಕ್ಕೆ ಏನಿದೆ ಅತ್ತೆ?” ಎಂದಳು. ಸಿದ್ಧ ಮಾಡಿದ ಉತ್ತರವನ್ನು ಹಾಗೇ ನುಂಗಿಕೊಂಡೆ.

ಭಾನುವಾರ ಬೆಳಿಗ್ಗೆ ಭೂಮಿ ಏಳುವ ಮೊದಲೇ ನಾವು ಮೂವರೂ ಅವಳ ಚಾಪೆಯ ಸುತ್ತ ಕೂತಿದ್ದೆವು. ಯಾರೂ ಯಾರನ್ನೂ ಕರೆದಿರಲಿಲ್ಲ, ಒಬ್ಬೊಬ್ಬರಾಗಿ ಬಂದು ಕೂತಿದ್ದೆವು. ತೆರೆದ ಕಿಟಕಿಯಿಂದ ಗಾಳಿ ಬರುತ್ತಿತ್ತು. ಮಗು ಹೊರಳಿತು, ಕಣ್ಣು ಉಜ್ಜಿತು, ಕಣ್ಣು ಬಿಟ್ಟಿತು. ಮೂರು ಮುಖಗಳು ತನ್ನನ್ನೇ ನೋಡುತ್ತಿರುವುದು ಕಂಡು, “ಏನಾಯ್ತು?” ಎಂದು ಕೇಳಿತು.

ಭೂಮಿಯ ಮೂಗು ಅರಳಿತು. ಹಣೆ ಸುಕ್ಕಾಯಿತು.

“ಆಕ್ಷಿ!”

ಮುಗಿಯಿತು ಎಂದುಕೊಂಡೆ. ಎರಡನೆಯದಕ್ಕೆ ಕಾದೆ. ಚೈತನ್ಯಾ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕಾದಳು. ಭೂಮಿ ನಮ್ಮನ್ನು ನೋಡಿದಳು, ನಾವು ಭೂಮಿಯನ್ನು ನೋಡಿದೆವು. ಎರಡನೆಯದು ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದೆವು, ಬರಲೇ ಇಲ್ಲ. ಆಗ ನನ್ನ ಗಂಡ ಮನೆಯ ಹೆಂಚು ಅದುರುವ ಹಾಗೆ ಒಂದು ಸೀನು ಸೀನಿದರು. ಭೂಮಿ ಕೇಕೆ ಹಾಕಿ ನಕ್ಕು, “ತಾತನ್ನ ಪೋತ್ತನೂರಿಗೆ ಕಳಿಸಿ!” ಎಂದಳು.

ಚೈತನ್ಯಾ ನಗುತ್ತ ಎದ್ದು ಬ್ಯಾಗಿನ ಹತ್ತಿರ ಹೋದಳು. ನನ್ನ ನಗು ಅಲ್ಲೇ ನಿಂತಿತು. ಒಂದು ಸೀನು ಅಂದರೂ ಸೀನೇ ತಾನೇ? ಅವಳು ಹೇಳಿದ್ದು ನಿಲ್ಲಬೇಕು ಎಂದು. ಅಡ್ಡ ಬರುವುದಿಲ್ಲವೆಂದು ಮಾತು ಕೊಟ್ಟವಳು ನಾನು. ಎದ್ದು ಒಳಗೆ ಹೋಗಿ ಭೂಮಿಯ ತೋಳಿಲ್ಲದ ಫ್ರಾಕುಗಳನ್ನು ಮಡಚಿ ತಂದು ಅವಳ ಮುಂದಿಟ್ಟೆ. “ತಗೋ. ಮೂಗಿನ ಔಷಧಿ ಮೇಲೆ ಇಟ್ಟಿದೀನಿ. ಹಾಲಲ್ಲಿ ಪುಡಿ ಹಾಕೋದು ಮರೀಬೇಡಿ ಅಂತ ನಿಮ್ಮಮ್ಮಂಗೆ ಹೇಳು,” ಎಂದೆ. ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ, ಅತ್ತೇಬಿಟ್ಟೆ.

“ಇದೆಲ್ಲ ಯಾಕೆ ಅತ್ತೆ ತಂದ್ರಿ?” ಎಂದು ಚೈತನ್ಯಾ ಬ್ಯಾಗಿನ ಜಿಪ್ಪು ಎಳೆದಳು. “ಇದರಲ್ಲಿ ಎಲ್ಲಿದೆ ಜಾಗ?”

ಒಳಗೆ ಅವಳ ಚೂಡಿದಾರಗಳು, ಸೀರೆಗಳು, ನೈಟಿ, ತಲೆಗೆ ಹಚ್ಚುವ ಎಣ್ಣೆ ತುಂಬಿದ್ದವು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

“ರಜೆ ಹಾಕಿ ಬಂದಿದೀನಿ. ಈ ತಿಂಗಳು ಪೂರ್ತಿ ಇಲ್ಲೇ ಇರ್ತೀನಿ,” ಎಂದಳು. ನನ್ನ ಮುಖ ನೋಡದೆ ಬಟ್ಟೆ ಹೊರಗೆ ತೆಗೆಯುತ್ತ ಹೇಳಿದಳು. “ಬೆನ್ನು ನೋವು, ಕಾಲು ನೋವು ಅಂತ ಮಾತ್ರೆ ನುಂಗ್ತಾ ಇದ್ದೆ. ನಾನೂ ರಕ್ತ ಪರೀಕ್ಷೆ ಮಾಡಿಸ್ದೆ. ಭೂಮಿಗಿಂತ ಕಡಿಮೆ ಇದೆ ಅತ್ತೆ ನನಗೆ. ಬೆಳಿಗ್ಗೆ ಆಫೀಸಿನ ಒಳಗೆ ಹೋದ್ರೆ ಹೊರಗೆ ಬರೋ ಹೊತ್ತಿಗೆ ಬೀದಿ ದೀಪ ಹತ್ತಿರುತ್ತೆ. ಟ್ಯೂಬ್‌ಲೈಟ್ ಬಿಟ್ರೆ ಬೇರೆ ಬೆಳಕು ನೋಡಿ ಎಷ್ಟು ದಿನ ಆಯ್ತೋ.”

ನನಗೆ ಸಂತೋಷ ಉಕ್ಕಿಬಂತು, ಜೊತೆಗೆ ನನ್ನ ಕೊಂಕು ಬುದ್ಧಿಯೂ ಎದ್ದು ಬಂತು. “ಪೋತ್ತನೂರಲ್ಲಿ ದೊಡ್ಡ ಬಯಲಿದೆ ಅಂದಿದ್ಯ? ಅಲ್ಲಿಗೆ ಹೋಗ್ಬೋದಿತ್ತಲ್ಲ?”

ಅವಳು ಕೈಲಿದ್ದ ಬಟ್ಟೆ ಕೆಳಗಿಟ್ಟು ನನ್ನನ್ನು ನೋಡಿದಳು. “ಬಯಲಿದೆ ಅತ್ತೆ. ಅಲ್ಲಿ ದಿನಾ ಕೈ ಹಿಡಿದು ಎಳ್ಕೊಂಡು ಹೋಗಿ ನಿಲ್ಲಿಸೋರು ಯಾರಿದ್ದಾರೆ?” ಸ್ವಲ್ಪ ತಡೆದು, “ಭೂಮಿ ಇಲ್ಲೇ ಓದಲಿ,” ಎಂದಳು.

ನಾನು ಮುಖ ಒರೆಸಿಕೊಂಡು ಅಡಿಗೆಮನೆಗೆ ಹೋಗಿ ದೋಸೆ ಕಲ್ಲು ಒಲೆಯ ಮೇಲಿಟ್ಟೆ. ಎರಡು ದೋಸೆ ಸೀದುಹೋದವು, ಎಲ್ಲರೂ ಹಾಗೇ ತಿಂದರು.

ಹನ್ನೊಂದು ಗಂಟೆಗೆ ಇಬ್ಬರನ್ನೂ ಬೀದಿಗೆ ಹೊರಡಿಸಿದೆ. ಭೂಮಿ ಆಗಲೇ ಕುಂಟಾಟಕ್ಕೆ ಇಳಿದಿದ್ದಳು. ಚೈತನ್ಯಾ ಮಣಿಕಟ್ಟಿನವರೆಗೆ ತೋಳಿರುವ ಚೂಡಿದಾರ ತೊಟ್ಟು, ಹೊಸ್ತಿಲ ನೆರಳಿನ ಅಂಚಿನಲ್ಲಿ ಅರ್ಧ ಪಾದ ಹೊರಗಿಟ್ಟು ನಿಂತಿದ್ದಳು. ಎದುರು ಮನೆಯಿಂದ ನಾಚಿಯಮ್ಮ, “ಏನ್ ಲೀಲಾ, ಇವತ್ತು ಸೊಸೆಯನ್ನೂ ಒಣಹಾಕ್ತೀಯಾ?” ಎಂದು ಕೂಗಿದಳು.

“ಹೂಂ ಕಣೇ, ಬೇಕಾದ್ರೆ ನೀನೂ ಬಾ, ಜಾಗ ಇದೆ!” ಎಂದು ಕೂಗಿ, ಸೊಸೆಯ ಕಡೆ ತಿರುಗಿದೆ. “ತೋಳು ಮಡಚು,” ಎಂದೆ.

ಮಡಚಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಹೇಳಿದ್ದನ್ನು ಒಂದೂ ಎದುರುಮಾತಿಲ್ಲದೆ ಅವಳು ಕೇಳಿದ್ದು ಅದೇ ಮೊದಲು.